ಸರಸದ ಪೆಟ್ಟು ವಿರಸವಾಗದಿರಲಿ: ಹೊಸಬರು ತಿಳಿದಿರಬೇಕಾದ ಮಾತುಗಳು

ತೊರಪಳ್ಳಿ: ಸರಸದ ವೇಳೆ ಸಂಗಾತಿಯ ಹಿಂಭಾಗಕ್ಕೆ ಅಂಗೈಯಿಂದ ಹುಸಿಪೆಟ್ಟು ಕೊಡುವುದು, ಅಥವಾ ಕೊಡು ಎಂದು ಕೇಳುವುದು ನಾಲ್ಕು ಜನರ ಮುಂದೆ ಆಡುವ ಮಾತಲ್ಲ. ಹಾಗೆಂದು ಅಂಥ ಆಸೆ ಯಾರಿಗೂ ಇಲ್ಲವೆಂದಲ್ಲ. ಹೊಸದಾಗಿ ಮದುವೆಯಾದವರಲ್ಲೂ ಇರಬಹುದು, ಹತ್ತಿಪ್ಪತ್ತು ವರ್ಷ ಸಂಸಾರ ಮಾಡಿದವರಲ್ಲೂ ಹುಟ್ಟಬಹುದು. ಇಂಗ್ಲಿಷಿನಲ್ಲಿ ಇದಕ್ಕೆ ಸ್ಪ್ಯಾಂಕಿಂಗ್ ಎನ್ನುತ್ತಾರೆ. ಮೊಬೈಲು ಕೈಗೆ ಬಂದ ಮೇಲೆ ಈ ಹೆಸರೂ ಗೊತ್ತಾಗಿದೆ, ಚಿತ್ರಗಳೂ ಗೊತ್ತಾಗಿವೆ. ಗೊತ್ತಾಗದೇ ಉಳಿದಿರುವುದು ಅದರ ಕ್ರಮ ಮಾತ್ರ.

ಕ್ರಮ ತಿಳಿಯದೆ ಕೈ ಎತ್ತಿದರೆ ಸರಸ ಹೋಗಿ ವಿರಸವಾಗಲು ಒಂದು ಕ್ಷಣ ಸಾಕು. ಇಲ್ಲಿ ಹೇಳುತ್ತಿರುವುದು 18 ವರ್ಷ ತುಂಬಿದ, ಇಬ್ಬರೂ ಮನಸಾರೆ ಒಪ್ಪಿಕೊಂಡ ಸಂಗಾತಿಗಳ ವಿಷಯ. ಒಬ್ಬರಿಗೆ ಇಷ್ಟವಿಲ್ಲವೆಂದರೆ ಲೇಖನ ಅಲ್ಲಿಗೇ ಮುಗಿಯಿತು. ಅವರ ಮಟ್ಟಿಗೆ ಮುಂದಿನದು ಯಾವುದೂ ಅನ್ವಯಿಸುವುದಿಲ್ಲ.

ಪಶ್ಚಿಮದಿಂದ ಬಂದದ್ದಲ್ಲ

ಇದೆಲ್ಲ ವಿದೇಶಿ ಚಾಳಿ ಎಂದು ಮೂಗು ಮುರಿಯುವವರು ವಾತ್ಸ್ಯಾಯನನ ಕಾಮಸೂತ್ರದ ಎರಡನೇ ಅಧಿಕರಣವನ್ನು ನೋಡಬೇಕು. ಅದರಲ್ಲಿ ಪ್ರಹಣನ, ಅಂದರೆ ಸರಸದ ಹೊಡೆತಕ್ಕೇ ಒಂದು ಅಧ್ಯಾಯ ಮೀಸಲಾಗಿದೆ. ಈ ಗ್ರಂಥ ಸುಮಾರು ಕ್ರಿ.ಶ. 3ನೇ ಶತಮಾನದ್ದು ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಅಂಗೈಯ ಪೆಟ್ಟು, ಹಿಂಗೈಯ ಪೆಟ್ಟು, ಮುಷ್ಟಿ ಎಂದೆಲ್ಲ ವಿಂಗಡಿಸಿ, ಯಾವ ಪೆಟ್ಟು ದೇಹದ ಎಲ್ಲಿಗೆ ಎಂದೂ ಅಲ್ಲಿ ಹೇಳಲಾಗಿದೆ. ಕನ್ನಡದಲ್ಲೂ ಕಾಮಶಾಸ್ತ್ರದ ಪರಂಪರೆ ಇತ್ತು. 11ನೇ ಶತಮಾನದ ಚಂದ್ರರಾಜನ 'ಮದನತಿಲಕ', 15ನೇ ಶತಮಾನದ ಕಲ್ಲರಸನ 'ಜನವಶ್ಯ' ಇದೇ ಸಾಲಿಗೆ ಸೇರುತ್ತವೆ. ನಮ್ಮ ಹಿರಿಯರು ಈ ವಿಷಯವನ್ನು ಓದುವ, ಬರೆಯುವ ಶಾಸ್ತ್ರವೆಂದೇ ತಿಳಿದಿದ್ದರು.

ಹೊಸಬರು ಅದೇ ಪ್ರಹಣನದ ಅಧ್ಯಾಯದಿಂದ ಕಲಿಯಬೇಕಾದದ್ದು ಪೆಟ್ಟಿನ ಬಗೆಗಳನ್ನಲ್ಲ, ಅಲ್ಲಿ ದಾಖಲಾಗಿರುವ ಮೂರು ಅನಾಹುತಗಳನ್ನು. ಮೂರೂ ದಕ್ಷಿಣದವು. ಚೋಳ ದೇಶದ ರಾಜನೊಬ್ಬ ಚಿತ್ರಸೇನೆ ಎಂಬ ಗಣಿಕೆಯನ್ನು 'ಕೀಲಾ' ಎಂಬ ಪೆಟ್ಟಿನಿಂದ ಕೊಂದ. ಕುಂತಲದ, ಅಂದರೆ ನಮ್ಮದೇ ಕನ್ನಡ ಸೀಮೆಯ, ಶಾತಕರ್ಣಿ ಶಾತವಾಹನ 'ಕರ್ತರಿ' ಎಂಬ ಪೆಟ್ಟಿನಿಂದ ತನ್ನ ಮಹಾರಾಣಿ ಮಲಯವತಿಯನ್ನು ಕೊಂದ. ಕೈ ಊನವಾಗಿದ್ದ ನರದೇವ ಎಂಬವನು 'ವಿದ್ಧಾ' ಎಂಬ ಪೆಟ್ಟನ್ನು ತಪ್ಪಾಗಿ ಹಾಕಿ ನಟಿಯೊಬ್ಬಳ ಒಂದು ಕಣ್ಣು ಕಳೆದ. ಹೀಗೆನ್ನುತ್ತದೆ ಗ್ರಂಥ.

ಯಾವ ಪೆಟ್ಟು ಎಲ್ಲಿಗೆ ಎಂಬುದನ್ನು ಗಮನಿಸಿ. ಕೀಲಾ ಎದೆಗೆ, ಕರ್ತರಿ ತಲೆಗೆ, ವಿದ್ಧಾ ಕೆನ್ನೆಗೆ. ಮೂರೂ ಪೆಟ್ಟು ಬೀಳಬಾರದ ಜಾಗಗಳು. ದಕ್ಷಿಣದ ಈ ಪದ್ಧತಿ ಕಷ್ಟಕರವಾದದ್ದು, ಅನುಸರಿಸತಕ್ಕದ್ದಲ್ಲ ಎಂದು ವಾತ್ಸ್ಯಾಯನ ಸ್ಪಷ್ಟವಾಗಿಯೇ ಎಚ್ಚರಿಸುತ್ತಾನೆ. ನಾಗಾಲೋಟದಲ್ಲಿರುವ ಕುದುರೆಗೆ ಗುಂಡಿ ಕಾಣದ ಹಾಗೆ, ಆವೇಶದಲ್ಲಿರುವವರಿಗೆ ಅಪಾಯ ಕಾಣುವುದಿಲ್ಲ ಎಂಬುದು ಅವನ ಮಾತಿನ ತಾತ್ಪರ್ಯ.

ಆದರೆ ಆ ಗ್ರಂಥದಲ್ಲೇ ಒಂದು ಕೊರತೆಯೂ ಇದೆ. ಪೆಟ್ಟು ಬಿದ್ದಾಗ ಹೆಣ್ಣು ಹೊರಡಿಸುವ ಸದ್ದುಗಳ ಪಟ್ಟಿಯಲ್ಲಿ ಬೇಡ, ಬಿಡು, ಸಾಕು, ಅಮ್ಮಾ ಎಂಬ ಅರ್ಥದ ಮಾತುಗಳನ್ನೂ ಅದು ಸೇರಿಸಿಬಿಟ್ಟಿದೆ. 'ಸಾಕು' ಎಂಬುದೂ ಆಟದ ಸದ್ದೇ ಆದರೆ, ನಿಜವಾಗಿ ಸಾಕಾದವಳು ಏನೆಂದು ಹೇಳಬೇಕು? ರಾಣಿ ಮಲಯವತಿ ಏನೆಂದಳೋ ಗ್ರಂಥದಲ್ಲಿಲ್ಲ. ಇಂದಿನ ತಿಳಿವಳಿಕೆ ಹಳೆಯದಕ್ಕಿಂತ ಮುಂದೆ ಹೋಗಿರುವುದು ಇದೇ ಜಾಗದಲ್ಲಿ.

ಇದು ಕಾಯಿಲೆಯೇ?

ಅಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಡಿಎಸ್‌ಎಂ-5 ಕೈಪಿಡಿ ಅಪರೂಪದ ಆಸಕ್ತಿಯನ್ನೂ ಕಾಯಿಲೆಯನ್ನೂ ಬೇರೆ ಬೇರೆ ಮಾಡಿತು. ಆಸಕ್ತಿಯಿಂದ ಆ ವ್ಯಕ್ತಿಗೇ ಯಾತನೆಯಾದರೆ, ಬದುಕು ಕೆಟ್ಟರೆ, ಅಥವಾ ಒಪ್ಪದವರ ಮೇಲೆ ಅದನ್ನು ಪ್ರಯೋಗಿಸಿದರೆ ಮಾತ್ರ ಅದು ಕಾಯಿಲೆಯ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಪಟ್ಟಿ 2022ರ ಜನವರಿ 1ರಿಂದ ಜಾರಿಗೆ ಬಂದಿದ್ದು, ಒಪ್ಪಿಗೆಯಿಂದ ನಡೆಯುವ ಇಂಥ ಆಟವನ್ನು ರೋಗಗಳ ಸಾಲಿನಿಂದ ಕೈಬಿಟ್ಟಿದೆ. ಬಲವಂತದ್ದನ್ನು ಉಳಿಸಿಕೊಂಡಿದೆ. ಗೆರೆ ಎಲ್ಲಿದೆ ಎಂಬುದು ಇದರಿಂದಲೇ ತಿಳಿಯುತ್ತದೆ.

ಮೊದಲು ಮಾತು, ಆಮೇಲೆ ಕೈ

ಈ ಮಾತನ್ನು ಹಾಸಿಗೆಯಲ್ಲಿ ಎತ್ತಬಾರದು. ಊಟ ಮುಗಿದು, ಮಕ್ಕಳು ಮಲಗಿ, ಇಬ್ಬರೂ ನಿರಾಳವಾಗಿ ಕೂತಾಗ ಎತ್ತಬೇಕು. 'ನನಗೆ ಹೀಗೊಂದು ಆಸೆ ಇದೆ, ನಿನಗೆ ಹೇಗನಿಸುತ್ತದೆ?' ಎಂದು ಕೇಳಿದರೆ ಸಾಕು. ಉತ್ತರ ಅಂದೇ ಬರಬೇಕೆಂದಿಲ್ಲ. ಮುಖ ನೋಡಿಕೊಂಡು ಸುಮ್ಮನಿರುವುದು ಒಪ್ಪಿಗೆಯಲ್ಲ. 'ನಿಮಗೆ ಬೇಕಾದರೆ ಮಾಡಿ' ಎಂಬುದೂ ಒಪ್ಪಿಗೆಯಲ್ಲ, ಅದು ಶರಣಾಗತಿ. ಅವರಿಗೂ ಬೇಕು ಅನಿಸಬೇಕು.

ಮಾತಾಡಬೇಕಾದ ಸಂಗತಿಗಳು ನಾಲ್ಕು. ಯಾರು ಹೊಡೆಯುವವರು, ಯಾರು ಹೊಡೆಸಿಕೊಳ್ಳುವವರು (ಗಂಡೇ ಹೊಡೆಯಬೇಕೆಂದು ಎಲ್ಲೂ ಬರೆದಿಲ್ಲ), ಎಷ್ಟು ಜೋರು, ಎಲ್ಲಿ ಮುಟ್ಟಬಾರದು, ಯಾವ ಮಾತು ಆಡಬಾರದು. ಕೊನೆಯದನ್ನು ಮರೆಯುವವರೇ ಹೆಚ್ಚು. ಬಾಲ್ಯದಲ್ಲಿ ಮೇಷ್ಟರ ಬೆತ್ತವನ್ನೋ ಅಪ್ಪನ ಬೆಲ್ಟನ್ನೋ ಉಂಡವರಿಗೆ ಒಂದು ಬೈಗುಳ, ಒಂದು ದನಿ ಸಾಕು, ಹಳೆಯ ಭಯವೆಲ್ಲ ಎದ್ದು ಬರಲು. ಅಂಥ ನೆನಪಿದ್ದರೆ ಮೊದಲೇ ಹೇಳಿಕೊಳ್ಳುವುದು ಒಳ್ಳೆಯದು.

ಸಿಟ್ಟು ಬಂದ ದಿನ, ಜಗಳವಾಡಿದ ದಿನ, ಕುಡಿದ ದಿನ ಇದು ಬೇಡವೇ ಬೇಡ. ಕುಡಿದ ಕೈಗೆ ಅಳತೆ ತಿಳಿಯುವುದಿಲ್ಲ, ಕುಡಿದ ಮೈಗೆ ನೋವು ತಿಳಿಯುವುದಿಲ್ಲ.

ನಿಲ್ಲಿಸುವ ಪದ

ವಾತ್ಸ್ಯಾಯನನಲ್ಲಿ ಇಲ್ಲದ ಸಲಕರಣೆ ಇದು. ಇಬ್ಬರೂ ಮೊದಲೇ ಒಂದು ಪದ ಗೊತ್ತುಮಾಡಿಕೊಳ್ಳಬೇಕು. ಸರಸದಲ್ಲಿ ಸಹಜವಾಗಿ ಬಾಯಿಗೆ ಬರುವ ಪದ ಆಗಬಾರದು. 'ಕ್ಯಾರೆಟ್' ಎಂದಿಟ್ಟುಕೊಂಡರೂ ನಡೆದೀತು, ನೀಲಗಿರಿಯವರಿಗೆ ಮರೆಯದು. ಆ ಪದ ಕೇಳಿದ ತಕ್ಷಣ ಕೈ ನಿಲ್ಲಬೇಕು. ಯಾಕೆ, ಏನು, ಇನ್ನೊಂದೇ ಒಂದು ಎನ್ನುವಂತಿಲ್ಲ. ರಾತ್ರಿ ತೊರಪಳ್ಳಿ ಚೆಕ್‌ಪೋಸ್ಟಿನಲ್ಲಿ ಗೇಟು ಬಿದ್ದ ಮೇಲೆ ಪ್ರವಾಸಿ ಕಾರಿನವರ ವಾದ ನಡೆಯದಲ್ಲ, ಹಾಗೆ.

ಟ್ರಾಫಿಕ್ ದೀಪದ ಲೆಕ್ಕವೂ ಬಳಕೆಯಲ್ಲಿದೆ. ಹಸಿರು ಎಂದರೆ ಸರಿಯಾಗಿದೆ, ಹಳದಿ ಎಂದರೆ ಮೆಲ್ಲಗೆ, ಕೆಂಪು ಎಂದರೆ ನಿಲ್ಲಿಸು. ಮಾತು ಹೊರಡದಿದ್ದರೆ ಹಾಸಿಗೆಯನ್ನು ಎರಡು ಸಲ ತಟ್ಟುವುದೆಂದು ಗೊತ್ತುಮಾಡಿಕೊಳ್ಳಬಹುದು. ಹೊಸಬರು ಇನ್ನೂ ಒಂದು ನಿಯಮ ಇಟ್ಟುಕೊಳ್ಳಲಿ: ಗೊತ್ತುಮಾಡಿದ ಪದವಲ್ಲದೆ ಬರೀ 'ಬೇಡ', 'ಸಾಕು' ಎಂದರೂ ನಿಲ್ಲಿಸಿ ಕೇಳುವುದು. ಸಂಗಾತಿ ಇದ್ದಕ್ಕಿದ್ದಂತೆ ಮೌನವಾದರೂ ಅಷ್ಟೇ, ಮೈ ಬಿಗಿ ಹಿಡಿದರೂ ಅಷ್ಟೇ.

ಎಲ್ಲಿ, ಹೇಗೆ

ಜಾಗ ಒಂದೇ: ಕುಂಡೆಯ ಕೆಳಗಿನ ಅರ್ಧ, ಕೂತಾಗ ಕುರ್ಚಿಗೆ ತಾಗುವ ದಪ್ಪ ಮಾಂಸಖಂಡದ ಭಾಗ. ದೇಹದ ದೊಡ್ಡ ಸ್ನಾಯುಗಳಲ್ಲೊಂದು ಅಲ್ಲಿದೆ, ಮೇಲೆ ಕೊಬ್ಬಿನ ಪದರವೂ ಇದೆ. ಅದಕ್ಕಿಂತ ಮೇಲೆ ಹೋದರೆ ಬಾಲಮೂಳೆ, ಬೆನ್ನುಹುರಿ, ಅದರ ಎರಡೂ ಬದಿಗೆ ಪಕ್ಕೆಲುಬಿನಂಚಿನಲ್ಲಿ ಮೂತ್ರಪಿಂಡಗಳು. ಪಕ್ಕಕ್ಕೆ ಹೋದರೆ ಸೊಂಟದ ಮೂಳೆ. ಈ ಯಾವ ಜಾಗಕ್ಕೂ ಪೆಟ್ಟು ಬೀಳಬಾರದು. ಹೊಟ್ಟೆ, ಎದೆ, ಕತ್ತು, ತಲೆ, ಮುಖ, ಕೀಲುಗಳು, ಮಂಡಿಯ ಹಿಂಭಾಗ ಇವೂ ನಿಷಿದ್ಧ. ಕತ್ತು ಒತ್ತುವ ಆಟವನ್ನು ಯಾವ ಕಾರಣಕ್ಕೂ ಇದರ ಜೊತೆ ಸೇರಿಸಬಾರದು, ಅದರಲ್ಲಿ ಜೀವ ಹೋಗುತ್ತದೆ.

ಸಾಧನ ಅಂಗೈ ಮಾತ್ರ. ಬೆಲ್ಟು, ಕೋಲು, ಸೌಟು ಹೊಸಬರಿಗಲ್ಲ. ಅಂಗೈಯಿಂದ ಹೊಡೆದರೆ ಹೊಡೆದವರಿಗೂ ಉರಿ ತಿಳಿಯುತ್ತದೆ, ಕೋಲಿಗೆ ಅದು ತಿಳಿಯುವುದಿಲ್ಲ. ಉಂಗುರ, ಬಳೆ, ವಾಚು ತೆಗೆದಿಡಬೇಕು. ಬೆರಳು ಜೋಡಿಸಿ ಅಂಗೈಯನ್ನು ಸ್ವಲ್ಪ ಬಟ್ಟಲಾಗಿಸಿದರೆ ಸದ್ದು ಹೆಚ್ಚು, ನೋವು ಕಡಿಮೆ. ಮೊದಲು ಸ್ವಂತ ತೊಡೆಯ ಮೇಲೆ ಹೊಡೆದು ನೋಡಿಕೊಳ್ಳುವುದು ಜಾಣತನ.

ಸಂಗಾತಿ ಮಂಚದ ಮೇಲೆ ಬೋರಲಾಗಿ, ಹೊಟ್ಟೆಯ ಕೆಳಗೆ ದಿಂಬಿಟ್ಟು ಮಲಗಿದರೆ ಬೆನ್ನಿಗೆ ಭಾರವಾಗದು. ಆರಂಭ ಬಟ್ಟೆಯ ಮೇಲೆಯೇ ಆಗಲಿ. ಕೈಯಿಂದ ಸವರಿ, ಮೆಲ್ಲಗೆ ತಟ್ಟಿ, ಚರ್ಮ ಬೆಚ್ಚಗಾಗಲು ಬಿಡಬೇಕು. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೊಡೆಯದೆ ಎಡ ಬಲ ಬದಲಿಸಬೇಕು. ನಾಲ್ಕೈದು ಸಲ ತಟ್ಟಿ ನಿಲ್ಲಿಸಿ 'ಸರಿಯಾಗಿದೆಯಾ?' ಎಂದು ಕೇಳಬೇಕು. ಮೊದಲ ದಿನ ಐದು ನಿಮಿಷ ಧಾರಾಳವಾಯಿತು. ಇನ್ನೂ ಬೇಕು ಅನಿಸುವಾಗಲೇ ನಿಲ್ಲಿಸಿದರೆ ಮುಂದಿನ ಸಲಕ್ಕೆ ದಾರಿ ತೆರೆದಿರುತ್ತದೆ.

ಯಾರು ದೂರವಿರಬೇಕು

ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಹಿಮೋಫಿಲಿಯಾ ಇರುವವರು, ಡೆಂಗೆ ಬಂದು ಪ್ಲೇಟ್‌ಲೆಟ್ ಇಳಿದವರು, ಬೆನ್ನು ಅಥವಾ ಸೊಂಟದ ಶಸ್ತ್ರಚಿಕಿತ್ಸೆ ಆದವರು, ಗರ್ಭಿಣಿಯರು ಇದಕ್ಕೆ ಕೈ ಹಾಕಬಾರದು. ಸಕ್ಕರೆ ಕಾಯಿಲೆಯಿಂದ ಸ್ಪರ್ಶಜ್ಞಾನ ಕಡಿಮೆಯಾದವರಿಗೆ ಪೆಟ್ಟಿನ ಜೋರು ತಿಳಿಯುವುದಿಲ್ಲ. ಕುಡಗೋಲು ಕಣ ರೋಗ ಇರುವವರು ಮೊದಲು ವೈದ್ಯರನ್ನು ಕೇಳಬೇಕು.

ಕೆಂಪಾದ ಚರ್ಮ ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ತಿಳಿಯಾಗುತ್ತದೆ. ಕಂದಿದರೆ ಪೆಟ್ಟು ಜೋರಾಯಿತೆಂದೇ ಅರ್ಥ, ತಣ್ಣೀರಿನ ಬಟ್ಟೆ ಇಡಬೇಕು. ಕಾಲು ಜೋಮು ಹಿಡಿದು ಬಿಡದಿದ್ದರೆ, ಮೂತ್ರದಲ್ಲಿ ರಕ್ತ ಕಂಡರೆ, ಊತ ಏರುತ್ತಾ ಹೋದರೆ ನಾಚಿಕೆ ಬಿಟ್ಟು ಆಸ್ಪತ್ರೆಗೆ ಹೋಗಬೇಕು. ವೈದ್ಯರಿಗೆ ನಿಜ ಹೇಳಿದರೆ ಚಿಕಿತ್ಸೆ ಬೇಗ ಆಗುತ್ತದೆ.

ಮುಗಿದ ಮೇಲೆ

ಹೊಡೆದವರು ಎದ್ದು ಹೋಗಿ ಟಿವಿ ಹಾಕುವುದು ದೊಡ್ಡ ತಪ್ಪು. ನೀರು ಕೊಡುವುದು, ಹೊದಿಸುವುದು, ಅಪ್ಪಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಇರುವುದು ಈ ಆಟದ ಭಾಗವೇ. ಕೆಲವರಿಗೆ ಅಳು ಬರಬಹುದು. ಮಾರನೇ ದಿನ ಮನಸ್ಸು ಮಂಕಾಗುವುದೂ ಉಂಟು. ಹೊಡೆದವರಿಗೂ 'ನಾನು ಹೀಗೆ ಮಾಡಿದೆನಲ್ಲ' ಎಂಬ ಕಸಿವಿಸಿ ಆಗಬಹುದು. ಮರುದಿನ ಕಾಫಿ ಕುಡಿಯುವಾಗ ಯಾವುದು ಹಿಡಿಸಿತು, ಯಾವುದು ಬೇಡ ಎಂದು ಮಾತಾಡಿಕೊಂಡರೆ ಮುಕ್ಕಾಲು ಪಾಲು ಕಸಿವಿಸಿ ಕರಗುತ್ತದೆ.

ಎಸ್ಟೇಟಿನ ಲೈನ್ ಮನೆಗಳಲ್ಲಿ ಗೋಡೆ ತೆಳು. ಮಕ್ಕಳಿಗೆ, ಪಕ್ಕದವರಿಗೆ ಕೇಳುವಂತಿದ್ದರೆ ಅದು ಜಾಗವಲ್ಲ. ಮೊಬೈಲಿನಲ್ಲಿ ಚಿತ್ರ ತೆಗೆಯುವುದು ಬೇಡ. ತೆಗೆದದ್ದನ್ನು ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ಕಳಿಸಿದರೆ ಅದು ಅಪರಾಧ, ಗಂಡನೇ ಆದರೂ.

ಕಾನೂನು ಏನೆನ್ನುತ್ತದೆ

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಸಾವು ಅಥವಾ ಗಂಭೀರ ಗಾಯ ಮಾಡುವ ಉದ್ದೇಶವಿಲ್ಲದೆ, ಹಾಗಾದೀತೆಂಬ ಅರಿವೂ ಇಲ್ಲದೆ, 18 ಮೀರಿದವರ ಒಪ್ಪಿಗೆಯಿಂದ ಮಾಡಿದ ಕೃತ್ಯದ ಬಗ್ಗೆ ಅದರ 25ನೇ ಕಲಮು ಹೇಳುತ್ತದೆ. ಮನರಂಜನೆಗೆಂದು ಕತ್ತಿವರಸೆ ಆಡುವ ಇಬ್ಬರ ಉದಾಹರಣೆಯನ್ನೂ ಕೊಡುತ್ತದೆ. ಆದರೆ ಭಯದಿಂದ ಅಥವಾ ತಪ್ಪು ತಿಳಿವಳಿಕೆಯಿಂದ ಕೊಟ್ಟ ಒಪ್ಪಿಗೆ, ಎದುರಿನವರಿಗೆ ಅದು ಗೊತ್ತಿದ್ದರೆ, ಒಪ್ಪಿಗೆಯೇ ಅಲ್ಲ ಎನ್ನುತ್ತದೆ 28ನೇ ಕಲಮು. ಒಪ್ಪದ ಹೆಂಡತಿಯ ಮೇಲೆ ಕೈ ಮಾಡಿದರೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯೂ ಇದೆ.

ಈ ಎಚ್ಚರಿಕೆ ಸುಮ್ಮನೆ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಮದುವೆಯಾದ 18ರಿಂದ 49 ವರ್ಷದ ಮಹಿಳೆಯರಲ್ಲಿ ಕರ್ನಾಟಕದಲ್ಲಿ ಶೇ. 44.4, ತಮಿಳುನಾಡಿನಲ್ಲಿ ಶೇ. 38.1 ಮಂದಿ ಗಂಡನಿಂದ ಹಿಂಸೆ ಕಂಡವರು. ಇಂಥ ನಾಡಿನಲ್ಲಿ 'ಅದು ಆಟ ಕಣೇ' ಎಂದು ಹೊಡೆತಕ್ಕೆ ಹೊಸ ಹೆಸರಿಡುವವರು ಇದ್ದೇ ಇರುತ್ತಾರೆ.

ಆಟವೋ ಹಿಂಸೆಯೋ ಎಂದು ತಿಳಿಯಲು ಒಂದು ಪ್ರಶ್ನೆ ಸಾಕು. ಬೇಡವೆಂದರೆ ಏನಾಗುತ್ತದೆ? ಏನೂ ಆಗುವುದಿಲ್ಲ, ಇಬ್ಬರೂ ನಕ್ಕು ಮಲಗುತ್ತಾರೆ ಎಂದಾದರೆ ಅದು ಆಟ. ಮುಖ ಊದುತ್ತದೆ, ಊಟ ಬಿಡುತ್ತಾರೆ, ಹಳೆಯ ಲೆಕ್ಕ ತೆಗೆಯುತ್ತಾರೆ, ಇನ್ನೂ ಜೋರಾಗಿ ಹೊಡೆಯುತ್ತಾರೆ ಎಂಬ ಹೆದರಿಕೆಯಿದ್ದರೆ ಅದು ಆಟವಲ್ಲ. ಅಂಥವರಿಗೆ ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಮನಸ್ಸಿನ ತೊಂದರೆಗೆ ಟೆಲಿ-ಮಾನಸ್ 14416 ಇವೆ.

ಉಳಿದವರು ಅವಸರ ಮಾಡಬೇಕಿಲ್ಲ. ಮಾತಾಡಿ, ಪದವೊಂದನ್ನು ಗೊತ್ತುಮಾಡಿಕೊಂಡು, ಉಂಗುರ ತೆಗೆದಿಟ್ಟು ಮೆಲ್ಲಗೆ ಆರಂಭಿಸಲಿ. ಹಿಡಿಸದಿದ್ದರೆ ಅಲ್ಲಿಗೇ ಬಿಟ್ಟರಾಯಿತು, ಸಂಸಾರಕ್ಕೆ ಏನೂ ಕಡಿಮೆಯಾಗುವುದಿಲ್ಲ.