ಊರ ಮಾತು ಬಲ್ಲ ಪದವೀಧರರಿಗೆ ಕೆಲಸವಿದೆ

ನಮ್ಮ ಮಿಶ್ರಿಕೋಟಿಯಲ್ಲಿ ಯಾರ ಮನೆಯ ಮಕ್ಕಳು ಪತ್ರಿಕೋದ್ಯಮ ಓದಿದರೂ ಹಿರಿಯರು ಕೇಳುವುದು ಒಂದೇ: 'ಟೀವ್ಯಾಗ ಯಾವಾಗ ಬರ್ತಿ?' ಬಿಸಿಎ ಮುಗಿಸಿದವರಿಗೆ, 'ಬೆಂಗಳೂರಿಗೆ ಯಾವಾಗ ಹೊಂಟಿ?' ನನ್ನ ಕೆಲಸ ಈ ಎರಡರ ನಡುವಿನದು. ಅದಕ್ಕೇ ಮನೆಯವರಿಗೆ ವಿವರಿಸಿ ಹೇಳುವುದು ಸ್ವಲ್ಪ ಕಷ್ಟ. ಕನ್ನಡದ ಧ್ವನಿಮುದ್ರಣಗಳನ್ನು ಕೇಳಿ ಬರಹಕ್ಕಿಳಿಸುತ್ತೇನೆ. ಅದನ್ನಿಟ್ಟುಕೊಂಡು ಕಂಪ್ಯೂಟರು ಕನ್ನಡ ಕೇಳುವುದನ್ನು ಕಲಿಯುತ್ತದೆ.

ಒಂದು ತುಣುಕು ಹತ್ತು ಸೆಕೆಂಡಿನದು. ಹಿಂದೆ ಟ್ರ್ಯಾಕ್ಟರಿನ ಸದ್ದು. ರೈತರೊಬ್ಬರು, 'ಗೋವಿನಜ್ವಾಳದಾಗ ಹುಳಾ ಬಿದ್ದಾವ, ಏನ್ ಹೊಡೀಬೇಕ್ರಿ?' ಅನ್ನುತ್ತಾರೆ. ಯಂತ್ರ 'ಗೋವಿನ ಜವಾಬು' ಎಂದು ಬರೆದುಕೊಂಡಿರುತ್ತದೆ! ಅದನ್ನು ತಿದ್ದಬೇಕು, ಆದರೆ 'ಬಿದ್ದಿವೆ' ಎಂದು ಪುಸ್ತಕದ ಕನ್ನಡಕ್ಕೆ ಇಳಿಸಕೂಡದು. ಆಡಿದ್ದನ್ನು ಆಡಿದ ಹಾಗೇ ಬರೆಯಬೇಕು. ಟ್ರ್ಯಾಕ್ಟರಿನ ಸದ್ದಿಗೆ ಗುರುತು ಹಾಕಬೇಕು. ಇಬ್ಬರು ಒಟ್ಟಿಗೆ ಮಾತಾಡಿದರೆ ಬಿಡಿಸಬೇಕು. ಹೆಸರು, ಫೋನ್ ನಂಬರು ಬಂದರೆ ಮರೆಮಾಡಬೇಕು. ನಮ್ಮ ಕಲಘಟಗಿ ಸೀಮೆಯಲ್ಲಿ ಬೆಳೆದ ಕಿವಿಗೆ ಇದು ಸಲೀಸು. ಬೇರೆ ಸೀಮೆಯವರು ಎಷ್ಟೇ ಜಾಣರಿದ್ದರೂ ಇಲ್ಲಿ ತಡವರಿಸುತ್ತಾರೆ.

ಇಂಥ ಕೆಲಸ ಹುಟ್ಟಿದ್ದಕ್ಕೆ ಕಾರಣವಿದೆ. ಕೇಂದ್ರ ಸರ್ಕಾರ 2022ರಲ್ಲಿ 'ಭಾಷಿಣಿ' ಶುರುಮಾಡಿತು. ಮಾತನ್ನು ಬರಹಕ್ಕಿಳಿಸುವ, ಒಂದು ಭಾರತೀಯ ಭಾಷೆಯಿಂದ ಇನ್ನೊಂದಕ್ಕೆ ತರುವ ತಂತ್ರಾಂಶಗಳು ಅದರ ಗುರಿ. ಐಐಟಿ ಮದ್ರಾಸಿನ 'ಎಐ4ಭಾರತ್' ತಂಡವೂ ಇದೇ ದಾರಿಯಲ್ಲಿದೆ. 'ಕಾರ್ಯ' ಎಂಬ ಸಂಸ್ಥೆ ಹಳ್ಳಿಯವರ ಧ್ವನಿಗೆ ದುಡ್ಡನ್ನೂ ಕೊಡುತ್ತದೆ.

ಬಣ್ಣ ಕಟ್ಟಿ ಹೇಳಲಾರೆ. ಬರಹಕ್ಕಿಳಿಸುವ ಕೆಲಸಕ್ಕೆ ಸಾಮಾನ್ಯವಾಗಿ ತುಣುಕಿನ ಲೆಕ್ಕದಲ್ಲಿ ಹಣ. ಯೋಜನೆ ಮುಗಿದರೆ ಕೆಲಸವೂ ಮುಗಿಯಿತು. ಮೇಲೇರಬೇಕೆಂದರೆ ಎಕ್ಸೆಲ್ ಚೆನ್ನಾಗಿ ಬರಬೇಕು, ಪೈಥಾನ್ ಅಷ್ಟಿಷ್ಟಾದರೂ ಗೊತ್ತಿರಬೇಕು. ಆಗ ಇತರರ ಬರಹ ಪರಿಶೀಲಿಸುವ, ತಂಡ ನಡೆಸುವ ಹುದ್ದೆ ಸಿಗುತ್ತದೆ. ಪತ್ರಿಕೋದ್ಯಮದವರು ಕೋಡ್ ಎಂದರೆ ಹೆದರುತ್ತಾರೆ. ಕೋಡ್ ಬಲ್ಲವರಿಗೆ ಒತ್ತಕ್ಷರ ಸರಿಯಾಗಿ ಮೂಡಿಸಲು ಬರುವುದಿಲ್ಲ. ಎರಡೂ ಬಲ್ಲವರು ಸಿಗದೇ ಪೇಚಾಡುವ ತಂಡಗಳನ್ನು ನೋಡಿದ್ದೇನೆ.

ಉಳಿದ ದಾರಿಗಳೂ ಇವೆ: ಆ್ಯಪ್‌ಗಳಿಗೆ ಕನ್ನಡ ಬರೆಯುವುದು, ಉಪಶೀರ್ಷಿಕೆ, ಪಾಡ್‌ಕಾಸ್ಟ್ ಸಂಕಲನ, 'ನುಡಿ' ತಂತ್ರಾಂಶದಲ್ಲಿ ಟೈಪಾದ ಹಳೇ ಕಡತಗಳನ್ನು ಯೂನಿಕೋಡಿಗೆ ತರುವುದು. ರೇಡಿಯೋ ಮಾತ್ರ ನನಗೆ ಹೆಚ್ಚು ಪ್ರಿಯ. ಧಾರವಾಡ ಆಕಾಶವಾಣಿ 1950ರಿಂದ ಇದೆ. ಕೃಷಿ ವಿಶ್ವವಿದ್ಯಾಲಯದ ಸಮುದಾಯ ಬಾನುಲಿಯೂ ಧಾರವಾಡದಲ್ಲೇ ಇದೆ. ಅಂಥ ಕಡೆ ಮೈಕ್ ಹಿಡಿದು ರೈತರನ್ನು ಮಾತಾಡಿಸಿದವರಿಗೆ ಒಳ್ಳೆಯ ಧ್ವನಿಮುದ್ರಣ ಯಾವುದು, ಕೆಟ್ಟದ್ದು ಯಾವುದು ಎಂದು ಪಾಠ ಹೇಳಬೇಕಿಲ್ಲ.

ಅನುಭವ ಎಲ್ಲಿಂದ ತರಲಿ ಎನ್ನುವವರು 2003ರಿಂದ ನಡೆಯುತ್ತಿರುವ ಕನ್ನಡ ವಿಕಿಪೀಡಿಯಕ್ಕೆ ಲೇಖನ ಬರೆಯಿರಿ. ನಿಮ್ಮೂರಿನ ಬಗ್ಗೆಯೇ ಆಗಲಿ. ಹೆಸರಿನ ಕೆಳಗೆ ಮಾಡಿದ ಕೆಲಸದ ಕೊಂಡಿಯಿದ್ದರೆ ಅರ್ಜಿಗೆ ತೂಕ ಬರುತ್ತದೆ. ಇನ್ನೊಂದು ಮಾತು. 'ಮನೆಯಲ್ಲೇ ಟೈಪಿಂಗ್ ಕೆಲಸ, ಮೊದಲು ನೋಂದಣಿ ಶುಲ್ಕ ಕಟ್ಟಿ' ಎಂಬ ಸಂದೇಶ ವಾಟ್ಸಾಪಿನಲ್ಲಿ ಬಂದರೆ ಅಳಿಸಿಹಾಕಿ. ಕೆಲಸ ಕೊಡುವವರು ದುಡ್ಡು ಕೊಡುತ್ತಾರೆ, ಕೇಳುವುದಿಲ್ಲ.