ನೆಲೆತಪ್ಪಿದವರ ಗಣನೆ

ಯುದ್ಧಕ್ಕೂ ಹಿಂಸೆಗೂ ಅಂಜಿ ಮನೆ ಬಿಟ್ಟ ಜನ ಜಗತ್ತಿನಲ್ಲಿ ಎಷ್ಟಿದ್ದಾರೆ? ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಅವರ ಕಚೇರಿಯು ಈ ಪ್ರಶ್ನೆಗೆ ವರ್ಷಕ್ಕೊಮ್ಮೆ ಉತ್ತರವನ್ನು ಪ್ರಕಟಿಸುತ್ತದೆ. 2024ರ ಅಂತ್ಯಕ್ಕೆ ಸಂಬಂಧಿಸಿದ ಉತ್ತರ 12 ಕೋಟಿ 32 ಲಕ್ಷ. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷವಿದ್ದಿತು. ಅದರ ಎರಡರಷ್ಟು ಜನ ಎಂದಾಯಿತು. ಬೇರೆ ಮಾತಿನಲ್ಲಿ ಹೇಳುವುದಾದರೆ, ಭೂಮಿಯ ಮೇಲಿನ ಪ್ರತಿ 67 ಮಂದಿಯಲ್ಲಿ ಒಬ್ಬರು.

ಈ ಮೊತ್ತವನ್ನು ಬಿಡಿಸಿ ನೋಡಿದರೆ ಮೂರು ಭಾಗಗಳು ದೊರೆಯುತ್ತವೆ. ಸ್ವದೇಶದ ಗಡಿಯನ್ನು ದಾಟದೆ ಒಳಗೇ ನೆಲೆತಪ್ಪಿದವರು 7 ಕೋಟಿ 35 ಲಕ್ಷ. ಗಡಿ ದಾಟಿ ನಿರಾಶ್ರಿತರೆನಿಸಿಕೊಂಡವರು 4 ಕೋಟಿ 27 ಲಕ್ಷ. ಪರದೇಶದಲ್ಲಿ ಆಶ್ರಯ ಕೋರಿ, ಅರ್ಜಿಯ ತೀರ್ಮಾನಕ್ಕಾಗಿ ಕಾದಿರುವವರು 84 ಲಕ್ಷ. ವಾಚಕರು ಕಾಗದ, ಪೆನ್ಸಿಲು ತೆಗೆದುಕೊಂಡು ಇವುಗಳನ್ನು ಕೂಡಿ ನೋಡಲಿ. ಬರುವ ಮೊತ್ತ 12 ಕೋಟಿ 46 ಲಕ್ಷ. ಪ್ರಕಟವಾದುದಕ್ಕಿಂತ 14 ಲಕ್ಷ ಹೆಚ್ಚು!

ಇದು ಅಚ್ಚಿನ ದೋಷವಲ್ಲ. 1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಕಾಲದ ಯುದ್ಧದಲ್ಲಿ ಪ್ಯಾಲೆಸ್ಟೀನಿನ ಸುಮಾರು ಏಳು ಲಕ್ಷ ಅರಬರು ಊರು ಬಿಟ್ಟರು. ಅವರಲ್ಲಿ ಬಹುಮಂದಿ ಗಾಜಾ ಪಟ್ಟಿಯನ್ನು ಸೇರಿದರು. ಅವರೂ ಅವರ ಮಕ್ಕಳು ಮೊಮ್ಮಕ್ಕಳೂ ಇಂದಿಗೂ ನಿರಾಶ್ರಿತರೆಂದೇ ದಾಖಲಾಗಿದ್ದಾರೆ. 2023ರ ಅಕ್ಟೋಬರಿನಲ್ಲಿ ಯುದ್ಧ ಆರಂಭವಾದ ಮೇಲೆ ಇವರು ಗಾಜಾದೊಳಗೇ ಮತ್ತೊಮ್ಮೆ ಮನೆ ಬಿಟ್ಟು ಓಡಬೇಕಾಯಿತು. ಹೀಗೆ ಒಬ್ಬನೇ ಮನುಷ್ಯನು ನಿರಾಶ್ರಿತರ ಪಟ್ಟಿಯಲ್ಲಿಯೂ ಒಳಗೇ ನೆಲೆತಪ್ಪಿದವರ ಪಟ್ಟಿಯಲ್ಲಿಯೂ ಸೇರಿಹೋದನು. ಒಟ್ಟು ಮೊತ್ತವನ್ನು ಹಾಕುವಾಗ ಅಂಥವರನ್ನು ಒಮ್ಮೆ ಮಾತ್ರ ಎಣಿಸಿದ್ದಾರೆ. ಎರಡು ಬಾರಿ ನೆಲೆ ಕಳೆದುಕೊಂಡವರೇ ಈ ವ್ಯತ್ಯಾಸಕ್ಕೆ ಕಾರಣ.

ಪ್ರಯೋಗಶಾಲೆಯಲ್ಲಿ ಒಂದು ತಂತಿಯ ಉದ್ದವನ್ನು ಅಳೆಯುವಾಗ ಅದು ಎಲ್ಲಿ ಆರಂಭವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ನಿರಾಶ್ರಿತರ ವಿಷಯದಲ್ಲಿ ಆ ಎರಡು ತುದಿಗಳನ್ನು ಮನುಷ್ಯರೇ ಗೊತ್ತುಮಾಡಬೇಕು. ಈ ಕೆಲಸಕ್ಕೆ ಅಂತರರಾಷ್ಟ್ರೀಯವಾಗಿ ಮೊದಲು ಕೈಹಾಕಿದವನು ಒಬ್ಬ ವಿಜ್ಞಾನಿ ಎಂಬುದು ನಮ್ಮ ವಾಚಕರಿಗೆ ಸಂತೋಷವನ್ನುಂಟುಮಾಡಬಹುದು. ನಾರ್ವೆ ದೇಶದ ಫ್ರಿಟ್ಯೋಫ್ ನಾನ್ಸೆನ್ 1893ರಲ್ಲಿ 'ಫ್ರಾಮ್' ಎಂಬ ಹಡಗನ್ನು ಉತ್ತರ ಧ್ರುವಸಾಗರದ ಮಂಜುಗಡ್ಡೆಯಲ್ಲಿ ಬೇಕೆಂದೇ ಸಿಕ್ಕಿಸಿ, ಅದರೊಡನೆ ತೇಲಿಹೋದನು. ಮಂಜುಗಡ್ಡೆಯು ಗಾಳಿ ಬೀಸುವ ದಿಕ್ಕಿಗೇ ಚಲಿಸದೆ 20ರಿಂದ 40 ಅಂಶಗಳಷ್ಟು ಬಲಕ್ಕೆ ಸರಿಯುವುದನ್ನು ಆತನು ಗಮನಿಸಿದನು. ಭೂಮಿಯ ಆವರ್ತನೆಯಿಂದ ಹೀಗಾಗುವುದೆಂದು ಎಕ್ಮನ್ ಎಂಬ ವಿದ್ವಾಂಸನು ಅನಂತರ ಗಣಿತದಿಂದ ತೋರಿಸಿಕೊಟ್ಟನು. ಇದೇ ನಾನ್ಸೆನ್‌ನನ್ನು ರಾಷ್ಟ್ರಸಂಘವು 1921ರಲ್ಲಿ ನಿರಾಶ್ರಿತರ ಹೈಕಮಿಷನರನನ್ನಾಗಿ ನೇಮಿಸಿತು.

ಆಗ ರಷ್ಯದ ಕ್ರಾಂತಿಯಿಂದಲೂ ಅಂತರ್ಯುದ್ಧದಿಂದಲೂ ಚದರಿದ ಹತ್ತು ಲಕ್ಷಕ್ಕೂ ಮಿಕ್ಕ ಜನ ಯೂರೋಪಿನಲ್ಲೆಲ್ಲ ಅಲೆಯುತ್ತಿದ್ದರು. ಹೊಸ ಸೋವಿಯತ್ ಸರ್ಕಾರವು ಅವರ ಪೌರತ್ವವನ್ನು ಕಿತ್ತುಕೊಂಡಿತ್ತು. ರಹದಾರಿಯಿಲ್ಲದೆ ಅವರು ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವಂತಿರಲಿಲ್ಲ, ಇದ್ದಲ್ಲಿ ಉದ್ಯೋಗಕ್ಕೆ ಸೇರುವಂತಿರಲಿಲ್ಲ. 1922ರಲ್ಲಿ ನಾನ್ಸೆನ್ ಅವರಿಗಾಗಿ ಒಂದು ಗುರುತಿನ ಪತ್ರವನ್ನು ಏರ್ಪಡಿಸಿದನು. 'ನಾನ್ಸೆನ್ ಪಾಸ್‌ಪೋರ್ಟ್' ಎಂದು ಹೆಸರಾದ ಅದನ್ನು ಕಾಲಕ್ರಮದಲ್ಲಿ ಐವತ್ತಕ್ಕೂ ಹೆಚ್ಚು ರಾಷ್ಟ್ರಗಳು ಮಾನ್ಯಮಾಡಿದುವು. ಆದರೆ ಪತ್ರವನ್ನು ಯಾರಿಗೆ ಕೊಡಬೇಕು? ಇದಕ್ಕೆ ಉತ್ತರವಾಗಿ 1926ರ ಒಡಂಬಡಿಕೆಯಲ್ಲಿ ಹೀಗೆ ಗೊತ್ತುಮಾಡಿದರು: ರಷ್ಯ ಮೂಲದವನಾಗಿದ್ದು, ಸೋವಿಯತ್ ಸರ್ಕಾರದ ರಕ್ಷಣೆ ಇಲ್ಲದೆ, ಬೇರೆ ಪೌರತ್ವವನ್ನೂ ಪಡೆಯದಿರುವವನು ರಷ್ಯನ್ ನಿರಾಶ್ರಿತ. ನಮ್ಮ ಭಾಷೆಯ 'ನಿರಾಶ್ರಿತ' ಎಂಬ ಶಬ್ದವು ಸೂರಿಲ್ಲದವನನ್ನು ನೆನಪಿಗೆ ತರುತ್ತದೆ. ಕಾನೂನು ಕೇಳುವುದು ಸೂರನ್ನಲ್ಲ, ಸರ್ಕಾರದ ರಕ್ಷಣೆಯನ್ನು. ಒಳ್ಳೆಯ ಮನೆಯಲ್ಲಿರುವವನೂ ನಿರಾಶ್ರಿತನಾಗಿರಬಹುದು. ಬೀದಿಯಲ್ಲಿ ಮಲಗುವವನು ಆಗದಿರಬಹುದು.

ಎರಡನೆಯ ಮಹಾಯುದ್ಧದ ತರುವಾಯ 1951ರಲ್ಲಿ ಜಿನೀವಾದಲ್ಲಿ ರಚಿತವಾದ ಒಪ್ಪಂದವು ವ್ಯಾಖ್ಯೆಯನ್ನು ವಿಸ್ತರಿಸಿತು. ಜನಾಂಗ, ಮತ, ರಾಷ್ಟ್ರೀಯತೆ, ಸಾಮಾಜಿಕ ವರ್ಗ, ರಾಜಕೀಯ ಅಭಿಪ್ರಾಯ ಇವುಗಳಲ್ಲಿ ಯಾವುದಾದರೊಂದರ ನಿಮಿತ್ತ ಪೀಡನೆಗೆ ಗುರಿಯಾಗುವೆನೆಂಬ ಸಕಾರಣವಾದ ಭಯದಿಂದ ಸ್ವದೇಶದ ಹೊರಗಿರುವವನು ನಿರಾಶ್ರಿತ. ಆದರೆ ಜೊತೆಗೆ ಒಂದು ಬೇಲಿಯೂ ಇದ್ದಿತು: 1951ರ ಜನವರಿ 1ಕ್ಕೆ ಹಿಂದಿನ ಘಟನೆಗಳಿಗೆ ಮಾತ್ರ ಈ ವ್ಯಾಖ್ಯೆ ಅನ್ವಯಿಸುತ್ತಿತ್ತು, ಬೇಕೆಂದ ರಾಷ್ಟ್ರಗಳು ಅದನ್ನು ಯೂರೋಪಿನ ಘಟನೆಗಳಿಗೇ ಸೀಮಿತಗೊಳಿಸಬಹುದಾಗಿತ್ತು. ಕಾಲದ ಈ ಬೇಲಿ ಬಿದ್ದುದು 1967ರಲ್ಲಿ.

ಬೇಲಿಯ ಪರಿಣಾಮ ಎಷ್ಟೆಂಬುದಕ್ಕೆ ನಮ್ಮ ದೇಶದ ಉದಾಹರಣೆಯೇ ಸಾಕು. ಹೈಕಮಿಷನರ್ ಕಚೇರಿಯ ಕೋಷ್ಟಕಗಳಲ್ಲಿ 1951ರ ಎದುರು ಇರುವ ನಿರಾಶ್ರಿತರ ಸಂಖ್ಯೆ ಸುಮಾರು 21 ಲಕ್ಷ. ಅದೇ 1951ರ ಜನಗಣತಿಗಳಲ್ಲಿ, 1947ರ ವಿಭಜನೆಯಿಂದ ನೆಲೆ ಬಿಟ್ಟುಬಂದವರು ಭಾರತದಲ್ಲಿ ಸುಮಾರು 73 ಲಕ್ಷ, ಪಾಕಿಸ್ತಾನದಲ್ಲಿ ಸುಮಾರು 72 ಲಕ್ಷ ಎಂದು ಎಣಿಕೆಯಾಯಿತು. ಎರಡೂ ಸೇರಿ ಒಂದು ಕೋಟಿ 45 ಲಕ್ಷ. ಜಗತ್ತಿನದೆನ್ನಲಾದ ಸಂಖ್ಯೆಯ ಏಳರಷ್ಟು ಹತ್ತಿರ! ಗಡಿ ದಾಟಿದೊಡನೆ ಹೊಸ ರಾಷ್ಟ್ರವು ಇವರನ್ನು ತನ್ನ ಪ್ರಜೆಗಳೆಂದೇ ಪರಿಗಣಿಸಿದುದರಿಂದ ಇವರು ಆ ಕೋಷ್ಟಕದೊಳಗೆ ಬರಲೇ ಇಲ್ಲ. ಆದುದರಿಂದ 1951ರ 21 ಲಕ್ಷದೊಡನೆ 2024ರ 12 ಕೋಟಿಯನ್ನು ಹೋಲಿಸಿ ವಿಪತ್ತು ಅರುವತ್ತು ಪಾಲು ಬೆಳೆಯಿತೆಂದು ರೇಖಾಚಿತ್ರ ಬರೆಯುವವರ ವಿಷಯದಲ್ಲಿ ವಿದ್ಯಾರ್ಥಿಗಳು ಎಚ್ಚರದಿಂದಿರಬೇಕು. ಸಂಕಟ ಹೆಚ್ಚಿರುವುದೂ ನಿಜವೇ. ಆದರೆ ಅಳತೆಗೋಲು ಸಹ ಬದಲಾಗಿದೆ.

ಇನ್ನು ಸಂಖ್ಯೆಯ ಒಳಗೆ ಇರುವವರು ಯಾರೆಂದು ನೋಡೋಣ. ನಿರಾಶ್ರಿತನೆಂದೊಡನೆ ನಮ್ಮಂಥ ಭೌತಶಾಸ್ತ್ರದವರಿಗೆ ಹೊಳೆಯುವ ಹೆಸರುಗಳು ಬೇರೆ. 1933ರಲ್ಲಿ ಜರ್ಮನಿಯನ್ನು ತೊರೆದ ಐನ್‌ಸ್ಟೈನ್. 1938ರಲ್ಲಿ ಹಾಲೆಂಡಿನ ಮಾರ್ಗವಾಗಿ ಸ್ವೀಡನ್ನಿಗೆ ತಪ್ಪಿಸಿಕೊಂಡು ಹೋದ ಲೀಸ ಮೈಟ್ನರ್. ಗಟಿಂಗೆನ್ನಿನ ಪ್ರಾಧ್ಯಾಪಕತ್ವವನ್ನು ಕಳೆದುಕೊಂಡು, ಸಿ. ವಿ. ರಾಮನ್ ಅವರ ಆಹ್ವಾನದ ಮೇರೆಗೆ 1935-36ರಲ್ಲಿ ಕೆಲವು ತಿಂಗಳು ಬೆಂಗಳೂರಿನ ವಿಜ್ಞಾನಮಂದಿರದಲ್ಲಿದ್ದು, ಅನಂತರ ಎಡಿನ್‌ಬರೋ ಸೇರಿದ ಮ್ಯಾಕ್ಸ್ ಬಾರ್ನ್. ವಿದ್ಯೆಯೂ ಮಿತ್ರರೂ ಇದ್ದುದರಿಂದ ಇವರು ಬಹುದೂರ ಹೋಗಬಲ್ಲವರಾದರು. ಇಂಥ ಮಾದರಿಯನ್ನು ಆರಿಸಿಕೊಂಡು ಇಡೀ ಸಮೂಹವನ್ನು ಊಹಿಸಿದರೆ ಫಲಿತಾಂಶ ತೀರ ತಪ್ಪಾಗುತ್ತದೆ. ಬಹುಮಂದಿ ದೂರ ಹೋಗುವುದೇ ಇಲ್ಲ.

ನೆಲೆತಪ್ಪಿದ ಪ್ರತಿ ಹತ್ತು ಮಂದಿಯಲ್ಲಿ ಆರು ಮಂದಿ ತಮ್ಮ ದೇಶದಲ್ಲಿಯೇ ಇದ್ದಾರೆಂಬುದು ಮೇಲಿನ ಅಂಕಿಗಳಿಂದಲೇ ತಿಳಿಯುತ್ತದೆ. 2023ರ ಏಪ್ರಿಲಿನಲ್ಲಿ ಯುದ್ಧಕ್ಕೆ ಸಿಕ್ಕಿದ ಸೂಡಾನನ್ನು ನೋಡಿರಿ. 2024ರ ಕೊನೆಗೆ ಅಲ್ಲಿ ನೆಲೆತಪ್ಪಿದವರು ಒಂದು ಕೋಟಿ 43 ಲಕ್ಷ; ಅವರಲ್ಲಿ ಒಂದು ಕೋಟಿ 16 ಲಕ್ಷ ಜನ ಸೂಡಾನಿನಲ್ಲಿಯೇ ಉಳಿದವರು. ಗಡಿ ದಾಟಿದವರಾದರೂ ಸಾಮಾನ್ಯವಾಗಿ ಮೊದಲ ಗಡಿಯ ಆಚೆಗೇ ನಿಲ್ಲುತ್ತಾರೆ. ಪ್ಯಾಲೆಸ್ಟೀನಿಯರನ್ನು ಬಿಟ್ಟರೆ ಉಳಿದ ನಿರಾಶ್ರಿತರಲ್ಲಿ ಶೇಕಡಾ 69ರಷ್ಟು ಐದೇ ದೇಶಗಳವರು: ವೆನೆಜುವೆಲ, ಸಿರಿಯ, ಆಫ್ಘಾನಿಸ್ತಾನ, ಉಕ್ರೇನ್, ದಕ್ಷಿಣ ಸೂಡಾನ್. ಶೇಕಡಾ 67ರಷ್ಟು ಜನ ನೆರೆಯ ರಾಷ್ಟ್ರದಲ್ಲಿದ್ದಾರೆ. ಶೇಕಡಾ 73ರಷ್ಟು ಜನ ಬಡ ಅಥವಾ ಮಧ್ಯಮ ವರಮಾನದ ದೇಶಗಳಲ್ಲಿದ್ದಾರೆ. ಇರಾನ್, ಟರ್ಕಿ, ಕೊಲಂಬಿಯ, ಯುಗಾಂಡ ಇವು ಹೆಚ್ಚು ಹೊರೆ ಹೊತ್ತವುಗಳಲ್ಲಿ ಸೇರಿವೆ. ಲೆಬನಾನ್ ಎಂಬ ಪುಟ್ಟ ದೇಶದಲ್ಲಿ ಎಂಟು ಮಂದಿಗೆ ಒಬ್ಬರು ನಿರಾಶ್ರಿತರು. ಶ್ರೀಮಂತ ದೇಶಗಳ ಪೈಕಿ ಜರ್ಮನಿಯೊಂದೇ ಈ ಸಾಲಿನಲ್ಲಿ ನಿಲ್ಲುವಂಥದು. ಗುಡಾರಗಳ ಸಾಲನ್ನು ನಾವು ಚಿತ್ರಗಳಲ್ಲಿ ಕಾಣುತ್ತೇವಾದರೂ ಶಿಬಿರಗಳಲ್ಲಿ ವಾಸಿಸುವವರು ಐವರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಉಳಿದವರು ಊರು ಪಟ್ಟಣಗಳಲ್ಲಿ ಬಾಡಿಗೆಯ ಕೋಣೆಗಳಲ್ಲಿಯೋ ಬಂಧುಗಳ ಮನೆಯಲ್ಲಿಯೋ ಇರುತ್ತಾರೆ.

ವಯಸ್ಸಿನ ಹಂಚಿಕೆ ಇನ್ನೂ ಗಮನಾರ್ಹವಾದುದು. ಜಗತ್ತಿನ ಜನರಲ್ಲಿ ಹದಿನೆಂಟು ತುಂಬದವರು ಶೇಕಡಾ 29. ನೆಲೆತಪ್ಪಿದವರಲ್ಲಿ ಶೇಕಡಾ 40. ಅಂದರೆ ಸುಮಾರು 4 ಕೋಟಿ 90 ಲಕ್ಷ ಮಕ್ಕಳು. ಯುದ್ಧದ ಸ್ವರೂಪಕ್ಕೆ ತಕ್ಕಂತೆ ಈ ಹಂಚಿಕೆಯೂ ಬದಲಾಗುತ್ತದೆ. 2022ರಲ್ಲಿ ಉಕ್ರೇನಿನಿಂದ ಹೊರಟವರಲ್ಲಿ ಬಹುಪಾಲು ಸ್ತ್ರೀಯರು ಮತ್ತು ಮಕ್ಕಳೇ ಇದ್ದುದಕ್ಕೆ ಕಾರಣ, 18ರಿಂದ 60ರ ವಯಸ್ಸಿನ ಗಂಡಸರು ದೇಶ ಬಿಡಬಾರದೆಂದು ಅಲ್ಲಿನ ಸರ್ಕಾರ ವಿಧಿಸಿದ ನಿರ್ಬಂಧ.

ಈ ಸಂಖ್ಯೆ ಏರುವುದೂ ಇಳಿಯುವುದೂ ಹೇಗೆ? ನಮ್ಮ ಊರಿನ ಕೆರೆಯನ್ನು ನೆನೆಯಬಹುದು. ಕೆರೆಯ ಮಟ್ಟವನ್ನು ನೋಡಿದ ಮಾತ್ರಕ್ಕೆ ಹಳ್ಳದಿಂದ ಎಷ್ಟು ನೀರು ಬಂದಿತು, ತೂಬಿನಿಂದ ಎಷ್ಟು ಹೋಯಿತು ಎಂದು ಹೇಳಲಾಗದು. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ಕೆಲವೇ ತಿಂಗಳಲ್ಲಿ ಭಾರತಕ್ಕೆ ಬಂದರು. ಬಾಂಗ್ಲಾದೇಶ ಸ್ವತಂತ್ರವಾದೊಡನೆ 1972ರ ಮೊದಲ ತಿಂಗಳುಗಳಲ್ಲಿ ಅವರಲ್ಲಿ ಬಹುತೇಕರು ಹಿಂತಿರುಗಿದರು. ಕೆರೆ ತುಂಬಿ ಬರಿದಾದುದಕ್ಕೆ ಹಿಡಿದ ಕಾಲ ಒಂದು ವರ್ಷ. ಪ್ಯಾಲೆಸ್ಟೀನಿಯರ ಕೆರೆಗೆ ತೂಬೇ ಇಲ್ಲ. 1950ರಲ್ಲಿ ಸುಮಾರು ಏಳೂವರೆ ಲಕ್ಷವಿದ್ದವರು ಈಗ 59 ಲಕ್ಷ. ಕೆರೆಯ ಮೇಲೆಯೇ ಬಿದ್ದ ಮಳೆಯಂತೆ, ಹುಟ್ಟಿದ ಮಕ್ಕಳೇ ಮಟ್ಟವನ್ನು ಏರಿಸಿದ್ದಾರೆ.

ಒಬ್ಬ ನಿರಾಶ್ರಿತನು ಸರಾಸರಿ 17 ವರ್ಷ ಶಿಬಿರದಲ್ಲಿ ಕಳೆಯುತ್ತಾನೆಂಬ ಮಾತೊಂದು ಭಾಷಣಗಳಲ್ಲಿ ಪ್ರಚಾರದಲ್ಲಿದೆ. ಅದು ಬಹುಕಾಲದಿಂದ ಬಗೆಹರಿಯದ ಕೆಲವು ಪ್ರಕರಣಗಳ ವಯಸ್ಸನ್ನು ಕುರಿತು ಮಾಡಿದ ಹಳೆಯ ಅಂದಾಜು, ಮನುಷ್ಯರನ್ನು ಕುರಿತುದಲ್ಲ. ವಿಶ್ವಬ್ಯಾಂಕಿನ ಸಂಶೋಧಕರು 2015ರ ಅಂತ್ಯದ ಅಂಕಿಗಳಿಂದ ಲೆಕ್ಕಹಾಕಿದಾಗ, ಅದುವರೆಗೆ ಹೊರಗೆ ಕಳೆದ ಕಾಲದ ಸರಾಸರಿ ಸುಮಾರು ಹತ್ತು ವರ್ಷವೂ ಮಧ್ಯಾಂಕ ನಾಲ್ಕು ವರ್ಷವೂ ಬಂದುವು. ಎರಡರ ನಡುವಣ ಅಂತರವೇ ವಿಷಯವನ್ನು ತಿಳಿಸುತ್ತದೆ: ಅರ್ಧದಷ್ಟು ಜನ ಇತ್ತೀಚೆಗೆ ಬಂದವರು, ಮತ್ತೆ ಕೆಲವರು ಜೀವಮಾನವನ್ನೇ ಅಲ್ಲಿ ಕಳೆದವರು.

ಎಣಿಕೆಯು ಕೋಷ್ಟಕ ತುಂಬುವ ಕೆಲಸ ಮಾತ್ರವಾಗಿದ್ದರೆ ಇಷ್ಟು ಚರ್ಚೆಯ ಅಗತ್ಯವಿರಲಿಲ್ಲ. ಹೆಸರು ಬರೆಸಿದವನಿಗೆ ಅಕ್ಕಿ ಬೇಳೆ, ಬರೆಸದವನಿಗೆ ಇಲ್ಲ. ಬರ್ಮಾದ, ಎಂದರೆ ಇಂದಿನ ಮ್ಯಾನ್ಮಾರಿನ, ರೊಹಿಂಗ್ಯಾ ಜನರನ್ನು 1982ರ ಪೌರತ್ವ ಕಾನೂನು ಬಹುಮಟ್ಟಿಗೆ ಹೊರಗಿಟ್ಟಿತು. 2017ರ ಆಗಸ್ಟಿನ ಬಳಿಕ ಅವರಲ್ಲಿ ಏಳು ಲಕ್ಷಕ್ಕೂ ಹೆಚ್ಚು ಮಂದಿ ಬಾಂಗ್ಲಾದೇಶದ ಕಾಕ್ಸ್ ಬಜಾರಿಗೆ ಓಡಿಬಂದರು. 2018ರಲ್ಲಿ ಬೆರಳಚ್ಚನ್ನೂ ಕಣ್ಣಿನ ಪಾಪೆಯ ಸುತ್ತಣ ಪೊರೆಯ ಚಿತ್ರವನ್ನೂ ತೆಗೆದುಕೊಂಡು ಒಬ್ಬೊಬ್ಬರನ್ನಾಗಿ ದಾಖಲು ಮಾಡತೊಡಗಿದರು. ಒಬ್ಬನು ಎರಡು ಬಾರಿ ಬರುವುದನ್ನು ತಪ್ಪಿಸಲು ಇದು ಒಳ್ಳೆಯ ಉಪಾಯ. ಆದರೆ ಕೊಟ್ಟ ಚೀಟಿಯಲ್ಲಿ 'ರೊಹಿಂಗ್ಯಾ' ಎಂಬ ಹೆಸರಿರಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಶಿಬಿರದ ಜನ ಇದನ್ನು ವಿರೋಧಿಸಿ ಮುಷ್ಕರ ಹೂಡಿದರು. ಬಾಂಗ್ಲಾದೇಶ ಸರ್ಕಾರವೂ ಇವರನ್ನು ನಿರಾಶ್ರಿತರೆನ್ನದೆ 'ಬಲವಂತವಾಗಿ ಸ್ಥಳಾಂತರಗೊಂಡ ಮ್ಯಾನ್ಮಾರ್ ಪ್ರಜೆಗಳು' ಎಂದು ಕರೆಯಿತು. ಮ್ಯಾನ್ಮಾರ್ ಸರ್ಕಾರ ಅವರನ್ನು ಪ್ರಜೆಗಳೆಂದು ಒಪ್ಪುತ್ತಿರಲಿಲ್ಲ.

ಭಾರತವು 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಪ್ರತ್ಯೇಕವಾದ ಕಾನೂನೂ ನಮ್ಮಲ್ಲಿಲ್ಲ. ಇದರಿಂದ ಹುಟ್ಟುವ ತೊಡಕನ್ನು ನೋಡಲು ದೂರ ಹೋಗಬೇಕಾಗಿಲ್ಲ. 1959ರಲ್ಲಿ ದಲಾಯಿ ಲಾಮಾ ಅವರನ್ನು ಹಿಂಬಾಲಿಸಿ ಬಂದ ಟಿಬೆಟ್ಟಿನ ಜನರಿಗೆ ಅಂದಿನ ಮೈಸೂರು ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುನೆಲವನ್ನು ಕೊಟ್ಟಿತು. ಅವರು ಕಾಡು ಕಡಿದು ಮುಸುಕಿನ ಜೋಳ ಬೆಳೆದರು. 1966ರಲ್ಲಿ ಮುಂಡಗೋಡಿನಲ್ಲಿಯೂ ವಸಾಹತು ಆಯಿತು. ವಸಾಹತಿನವರ ಕೈಯಲ್ಲಿರುವುದು ಸರ್ಕಾರ ಕೊಡುವ, ಆಗಾಗ ನವೀಕರಿಸಬೇಕಾದ ನೋಂದಣಿ ಪತ್ರ. ಹೈಕಮಿಷನರ್ ಕಚೇರಿಯ ಭಾರತದ ಅಂಕಿಗಳಲ್ಲಿ ಅವರೂ ಸೇರುತ್ತಾರೆ. ಆದರೆ ನಮ್ಮ ಪೌರತ್ವ ಕಾನೂನಿನಂತೆ 1950ರ ಜನವರಿ 26ರಿಂದ 1987ರ ಜೂನ್ ಕೊನೆಯವರೆಗೆ ಭಾರತದಲ್ಲಿ ಹುಟ್ಟಿದವರು ಜನ್ಮತಃ ಭಾರತೀಯರು. ಟಿಬೆಟ್ಟಿನವರಿಗೂ ಇದು ಅನ್ವಯಿಸುತ್ತದೆಂದು ದೆಹಲಿಯ ಉಚ್ಚ ನ್ಯಾಯಾಲಯ 2010ರಲ್ಲಿಯೂ ಕರ್ನಾಟಕದ ಉಚ್ಚ ನ್ಯಾಯಾಲಯ 2013ರಲ್ಲಿಯೂ ತೀರ್ಪಿತ್ತುವು. ಹೀಗಿರಲು 1975ರಲ್ಲಿ ಬೈಲಕುಪ್ಪೆಯಲ್ಲಿ ಹುಟ್ಟಿದವನು ಕಾನೂನಿನಲ್ಲಿ ಪ್ರಜೆ, ಕಾಗದದಲ್ಲಿ ನಿರಾಶ್ರಿತ. ಆತನು ಭಾರತದ ಪಾಸ್‌ಪೋರ್ಟನ್ನು ಬಯಸಿದರೆ ನೋಂದಣಿ ಪತ್ರವನ್ನು ಹಿಂತಿರುಗಿಸಬೇಕು, ವಸಾಹತಿನಲ್ಲಿ ವಾಸಿಸಬಾರದು ಎಂದು 2017ರಲ್ಲಿ ಕೇಂದ್ರ ಸರ್ಕಾರ ನಿಬಂಧನೆಗಳನ್ನು ಹಾಕಿತು. ಅರ್ಹರಾದವರಲ್ಲಿಯೂ ಅನೇಕರು ಈವರೆಗೆ ಹಳೆಯ ಪತ್ರವನ್ನೇ ಇಟ್ಟುಕೊಂಡಿದ್ದಾರೆ.