ವ್ಯಾಪ್ತಿಯ ಅಂತ್ಯದಲ್ಲಿ ಬೀಗದ ವಿಮೋಚನೆ

ಗಣಕಯಂತ್ರದ ಒಂದೇ ಕ್ರಮವಿಧಿಯೊಳಗೆ ಏಕಕಾಲದಲ್ಲಿ ಸಾಗುವ ಕಾರ್ಯಧಾರೆಗಳಿಗೆ ಥ್ರೆಡ್ ಎಂದು ಹೆಸರು. ಎರಡು ಥ್ರೆಡ್ಡುಗಳು ಒಂದೇ ಲೆಕ್ಕವನ್ನು ಒಮ್ಮೆಗೇ ತಿದ್ದಹೊರಟರೆ ಒಂದರ ಕೆಲಸವನ್ನು ಇನ್ನೊಂದು ಅಳಿಸಿಬಿಡುವುದುಂಟು. 100 ರೂಪಾಯಿಯ ಖಾತೆಗೆ ಒಂದು 20ನ್ನೂ ಮತ್ತೊಂದು 30ನ್ನೂ ಕೂಡಿಸುವಾಗ, ಎರಡೂ ಮೊದಲು 100 ಎಂದೇ ಓದಿಕೊಂಡರೆ, ಕೊನೆಗೆ 150ರ ಬದಲು 120 ಅಥವಾ 130 ಉಳಿಯುವುದು. ಇದರ ನಿವಾರಣೆಗಾಗಿ ಹುಟ್ಟಿದ ಪರಸ್ಪರವರ್ಜನ ತತ್ತ್ವವನ್ನು ಕುರಿತು ಡೈಕ್‌ಸ್ಟ್ರನು 1965ರಲ್ಲಿ ಪ್ರಸಿದ್ಧವಾದ ಲೇಖನವನ್ನು ಪ್ರಕಟಿಸಿದನು. ಆ ತತ್ತ್ವದ ಬಳಕೆಯ ಸಾಧನವೇ ಬೀಗ.

ಬೀಗವನ್ನು ಹಾಕುವುದು ಸುಲಭ. ತೆಗೆಯುವುದನ್ನು ಮರೆಯದಿರುವುದೇ ಕಷ್ಟ. ಒಂದು ಕಾರ್ಯಭಾಗದಿಂದ ಹೊರಬೀಳಲು ದಾರಿಗಳು ಹಲವು: ಕೊನೆಯವರೆಗೆ ನಡೆಯಬಹುದು, ನಡುವೆಯೇ ಹಿಂದಿರುಗಬಹುದು, ದೋಷವೊಂದು ತಲೆದೋರಿ ಹಠಾತ್ತನೆ ಹೊರಕ್ಕೆಸೆಯಲ್ಪಡಬಹುದು. ಒಂದು ದಾರಿಯಲ್ಲಿ ಬಿಡುಗಡೆಯ ಮಾತು ಬಿಟ್ಟುಹೋದರೂ ಸಾಕು, ಆ ಬೀಗಕ್ಕಾಗಿ ಕಾದಿರುವ ಥ್ರೆಡ್ಡುಗಳು ಎಂದೆಂದಿಗೂ ಕಾದೇ ಇರಬೇಕಾಗುವುದು.

ಸ್ಟ್ರೌಸ್ಟ್ರಪ್ಪನ ಸಿ++ ಭಾಷೆಯು ಈ ಹೊಣೆಯನ್ನು ಬರೆಯುವವನ ಸ್ಮೃತಿಯಿಂದ ತೆಗೆದು ಭಾಷೆಯ ನಿಯಮಕ್ಕೇ ವಹಿಸಿತು. ಅಲ್ಲಿ ಪ್ರತಿಯೊಂದು ಹೆಸರಿಗೂ, ಪಾಣಿನಿಯ ಅಧಿಕಾರಸೂತ್ರಕ್ಕಿರುವಂತೆ, ಒಂದು ವ್ಯಾಪ್ತಿಯುಂಟು. ವಸ್ತುವು ಹುಟ್ಟುವಾಗ ರಚಕವೂ, ವ್ಯಾಪ್ತಿಯು ಮುಗಿದಾಗ ವಿನಾಶಕವೂ ತಾವಾಗಿಯೇ ನಡೆಯುತ್ತವೆ. ರಚಕದಲ್ಲಿ ಬೀಗವನ್ನು ಹಾಕಿ ವಿನಾಶಕದಲ್ಲಿ ತೆಗೆಯುವ ಕಾವಲು ವಸ್ತುವೊಂದನ್ನು ಮಾಡಿಟ್ಟರೆ, ಹಿಂದಿರುಗಿದರೂ ದೋಷವನ್ನು ಮೇಲಿನವರು ಹಿಡಿಯುವಂತೆ ಎಸೆದರೂ ಬಿಡುಗಡೆ ತಪ್ಪದು. ಇಂತಹ ಕಾವಲುಗಳು ಹಲವಿದ್ದರೆ ಕೊನೆಗೆ ಹುಟ್ಟಿದುದು ಮೊದಲು ಅಳಿಯುವುದು. 2011ರ ಪ್ರಮಾಣಗ್ರಂಥದಲ್ಲಿ ಇದು 'ಲಾಕ್ ಗಾರ್ಡ್' ಎಂಬ ಹೆಸರಿನಿಂದ ಸೇರಿತು. ಈ ವಿಧಾನಕ್ಕೆ ರೂಢಿಯಲ್ಲಿರುವ ಹೆಸರಿನ ಅರ್ಥ 'ಸಂಪನ್ಮೂಲದ ಗ್ರಹಣವೇ ಆರಂಭಸಂಸ್ಕಾರ' ಎಂದು. ಸ್ವಾರಸ್ಯವೆಲ್ಲ ವಿಮೋಚನೆಯಲ್ಲಿರುವಾಗ ಗ್ರಹಣವನ್ನಷ್ಟೇ ಹೇಳುವ ಈ ಹೆಸರು ಅನ್ವರ್ಥವೆನಿಸದು.

ಭಾಷಾಸಕ್ತರು ಗಮನಿಸತಕ್ಕ ಒಂದು ಸೂಕ್ಷ್ಮವುಂಟು. ಕಾವಲಿಗೆ ಹೆಸರಿಡದೆ ಅದನ್ನು ಸುಮ್ಮನೆ ರಚಿಸಿದರೆ ಅದು ಆ ವಾಕ್ಯದ ಕೊನೆಯಲ್ಲಿಯೇ ಅಳಿಯುವುದು. ಮುಂದಿನ ಸಾಲುಗಳೆಲ್ಲ ಬೀಗವಿಲ್ಲದೆ ನಡೆಯುವುವು. ಬರೆಹವು ನೋಟಕ್ಕೆ ನಿರ್ದುಷ್ಟವಾಗಿಯೇ ಇರುವುದರಿಂದ ಈ ತಪ್ಪನ್ನು ಕಂಡುಹಿಡಿಯುವುದು ಬಹು ಪ್ರಯಾಸ.

ಇನ್ನೊಂದು ಆಕ್ಷೇಪವು ಇದಕ್ಕಿಂತಲೂ ಆಳವಾದುದು. ಒಂದು ಖಾತೆಯಿಂದ ಹಣವನ್ನು ಕಳೆದು, ಮತ್ತೊಂದಕ್ಕೆ ಕೂಡಿಸುವ ಮುನ್ನವೇ ದೋಷವುಂಟಾದರೆ, ಬೀಗವೇನೋ ತೆರೆಯುವುದು. ಆದರೆ ಮುಂದೆ ಬರುವ ಥ್ರೆಡ್ಡಿಗೆ ಕಾಣುವುದು ಅರ್ಧ ತಿದ್ದಿದ ಲೆಕ್ಕ. ಮೊದಲ ಆವೃತ್ತಿಯನ್ನು 2015ರಲ್ಲಿ ಕಂಡ ರಸ್ಟ್ ಭಾಷೆಯು ಇದಕ್ಕೊಂದು ಉಪಾಯವನ್ನು ಮಾಡಿದೆ: ಬೀಗವನ್ನು ಹಿಡಿದಿದ್ದ ಥ್ರೆಡ್ಡು ದೋಷದಿಂದ ಮುರಿದುಬಿದ್ದರೆ ಬೀಗವು ತೆರೆಯುವುದಲ್ಲದೆ 'ವಿಷಪೂರಿತ'ವೆಂಬ ಗುರುತನ್ನೂ ಪಡೆಯುತ್ತದೆ. ಮುಂದೆ ಅದನ್ನು ಕೇಳುವವನಿಗೆ ಮೊದಲು ದೊರೆಯುವುದು ಎಚ್ಚರಿಕೆ. ಒಳಗಿನ ಲೆಕ್ಕವನ್ನು ನಂಬಬೇಕೇ, ಸರಿಪಡಿಸಬೇಕೇ, ಕೈಬಿಡಬೇಕೇ ಎಂಬ ನಿರ್ಧಾರವು ಅವನದು.